ಸರದಿ ಕಾಯದ ಕಿವಿಯ ಬೇನೆ

ಬೆಳಗಿನ ಐದಕ್ಕೆ ಒಲೆ ಹೊತ್ತಿಸಿ, ಗಿರಾಕಿಗಳ ಗದ್ದಲವೇಳುವ ಹೊತ್ತಿನಲ್ಲಿ ಮಾಲಿಕರೊಡನೆ ರಜೆ ಬೇಡಿ ಆಸ್ಪತ್ರೆಗೆ ಹೊರಡುವ ಮಾಣಿಯ ಸಂಕಟವನ್ನು ಪಿಂಪ್ರಿ-ಚಿಂಚವಾಡದ ನಮ್ಮವರಿಗೆ ನಾವು ಬಣ್ಣಿಸಬೇಕಾಗಿಲ್ಲ. ಕೇಸ್‌ಪೇಪರಿಗೆ ಒಂದು ಸಾಲು, ವೈದ್ಯರ ಬಾಗಿಲಲ್ಲಿ ಇನ್ನೊಂದು, ಔಷಧಕ್ಕೆ ಮತ್ತೊಂದು. ಅಷ್ಟರಲ್ಲಿ ದಿನದ ಸಂಬಳ ಕೈಬಿಟ್ಟಿರುತ್ತದೆ. ಆದುದರಿಂದಲೇ ಸೋರುವ ಕಿವಿಗೆ ಕಾಯಿಸಿದ ಎಣ್ಣೆ ಬಿಟ್ಟು, ಹತ್ತಿ ತುರುಕಿಕೊಂಡು ವರ್ಷಗಳನ್ನು ನೂಕುವವರು ನಮ್ಮಲ್ಲಿದ್ದಾರೆ. ಅದೂ ಎಂತಹ ಊರಿನಲ್ಲಿ! ಭಾರತ ಸರಕಾರದ ಪೆನಿಸಿಲಿನ್ ಕಾರ್ಖಾನೆಯಾದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ 1954ರಲ್ಲಿ ಸ್ಥಾಪಿತವಾದುದು ಇದೇ ಪಿಂಪ್ರಿಯಲ್ಲಿ.

2011ರ ಜನಗಣತಿಯಲ್ಲಿಯೇ ಈ ನಗರದ ಜನಸಂಖ್ಯೆ ಹದಿನೇಳು ಲಕ್ಷವನ್ನು ದಾಟಿತ್ತು. ಸಂತ ತುಕಾರಾಮ ನಗರದಲ್ಲಿ ಮಹಾನಗರಪಾಲಿಕೆಯ ಯಶವಂತರಾವ್ ಚವ್ಹಾಣ್ ಸ್ಮಾರಕ ಆಸ್ಪತ್ರೆಯಿದೆ. ವಿಮೆಯುಳ್ಳವರಿಗೆ ಚಿಂಚವಾಡದಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ. ಆದರೂ ಯಾವ ಊರಿನ ಸಾರ್ವಜನಿಕ ಆಸ್ಪತ್ರೆಯಲ್ಲಾದರೂ ಕಿವಿಯ ರೋಗಿಗೆ ತಡವಾಗಲು ಬೇರೆಯೇ ಕಾರಣಗಳುಂಟು. ಶ್ರವಣಪರೀಕ್ಷೆಗೆ ನಿಶ್ಶಬ್ದವಾದ ಕೋಣೆ ಬೇಕು. ಅಲ್ಲಿ ಒಮ್ಮೆಗೆ ಒಬ್ಬನೇ ಕುಳಿತುಕೊಳ್ಳಬಹುದು. ತೂತಾದ ತಮಟೆಯ ಶಸ್ತ್ರಚಿಕಿತ್ಸೆ ಸೂಕ್ಷ್ಮದರ್ಶಕದಡಿಯ ನಾಜೂಕಿನ ಕೆಲಸ. ಅಪಘಾತದ ರೋಗಿ ಬಂದರೆ ಅದು ಹಿಂದೆ ಸರಿಯುತ್ತದೆ. ಕಿವಿ ಒಣಗಿದ ಮೇಲೆಯೇ ಮಾಡೋಣವೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ದಿನವಿಡೀ ನೀರಿನಲ್ಲಿ ತಟ್ಟೆ ತೊಳೆಯುವವನ ಕಿವಿ ಒಣಗುವುದೆಂದಿಗೆ? ಸ್ನಾನಕ್ಕಾದರೂ ವ್ಯಾಸಲಿನ್ ಸವರಿದ ಹತ್ತಿಯಿಂದ ಕಿವಿ ಮುಚ್ಚಿಕೊಳ್ಳುವುದು ಲೇಸು. ಎಣ್ಣೆಯಂತೂ ಖಂಡಿತ ಕೂಡದು.

ಈ ವಿಳಂಬವನ್ನು ಸಹಿಸಬಹುದು. ಸಹಿಸಬಾರದ ವಿಳಂಬವೂ ಒಂದುಂಟು. ನಿನ್ನೆ ಕೇಳುತ್ತಿದ್ದ ಕಿವಿ ಇಂದು ಏಕಾಏಕಿ ಕೇಳದಾದರೆ ಅದನ್ನು ನೆಗಡಿಯೆಂದೋ ಗುಗ್ಗೆಯೆಂದೋ ಭಾವಿಸಿ ವಾರದ ರಜೆಗೆ ಕಾಯಬಾರದು. ಒಳಗಿವಿಗೆ ಪೆಟ್ಟಾಗಿದ್ದರೆ ಸ್ಟೀರಾಯ್ಡ್ ಔಷಧವು ಮೊದಲ ಎರಡು ವಾರಗಳೊಳಗೇ ಹೆಚ್ಚು ಫಲಕಾರಿ. ಬಳಿಕ ಆಸೆ ಕುಂದುತ್ತದೆ. ಸೋರುವ ಕಿವಿಯೊಡನೆ ತಲೆಸುತ್ತು, ಜ್ವರ, ತೀವ್ರ ತಲೆನೋವು, ಮುಖದ ಒಂದು ಪಾರ್ಶ್ವ ಸೊಟ್ಟಗಾಗುವುದು ಕಂಡರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು. ಸಾಲಿನಲ್ಲಿರುವವರು ಗೊಣಗಲಿ.

ಸಂಬಳದ ಮಾತು ಉಳಿಯಿತು. ಇ.ಎಸ್.ಐ. ಚಂದಾ ನಿಯಮಿತವಾಗಿ ಸಂದಿರುವ ಅರ್ಹ ಕಾರ್ಮಿಕನಿಗೆ, ವೈದ್ಯರು ದುಡಿಯಲಾಗದೆಂದು ಪ್ರಮಾಣೀಕರಿಸಿದ ದಿನಗಳಿಗೆ, ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇ. 70ರಷ್ಟು ದೊರೆಯುತ್ತದೆ. ತಮ್ಮ ಹೆಸರಿನಲ್ಲಿ ಚಂದಾ ಸಲ್ಲುತ್ತಿದೆಯೇ ಎಂದು ಮಾಲಿಕರನ್ನು ಕೇಳಲು ಹಲವರಿಗೆ ಸಂಕೋಚ. ಲೆಕ್ಕ ಬರೆಯುವ ಗುಮಾಸ್ತ ಬಂಧುಗಳು ಒಮ್ಮೆ ಪಟ್ಟಿ ತೆರೆದು, ಒಳಗೆ ತಟ್ಟೆ ತೊಳೆಯುವ ಹುಡುಗನ ಹೆಸರಿದೆಯೇ ಎಂದು ನೋಡಿ ಹೇಳಬಾರದೇ?