ಟೊಮ್ಯಾಟೊ ತೂತಿಗೆ ಇಬ್ಬರು ವೈರಿಗಳು. ಮದ್ದು ಒಂದೇ ಅಲ್ಲ

ಚಂದಾಪುರ: ಎಲೆಕ್ಟ್ರಾನಿಕ್ ಸಿಟಿಯ ಆಚೆಗೆ ಬಡಾವಣೆಗಳು ಹಬ್ಬುತ್ತಿದ್ದರೂ ಆನೇಕಲ್ ತಾಲ್ಲೂಕಿನಲ್ಲಿ ತರಕಾರಿ ಬೇಸಾಯ ನಿಂತಿಲ್ಲ. ಹೊಲದಲ್ಲಾಗಲಿ, ತಾರಸಿಯ ಕುಂಡದಲ್ಲಾಗಲಿ ಟೊಮ್ಯಾಟೊ ಕಾಯಿಗೆ ತೂತು ಕೊರೆಯುವ ಹುಳುಗಳು ಮುಖ್ಯವಾಗಿ ಎರಡು. ಇವೆರಡೂ ಒಂದೇ ಎಂದು ಭಾವಿಸಿ ಔಷಧಿ ಸಿಂಪಡಿಸಿದರೆ ಹಣ ಪೋಲಾಗುತ್ತದೆ, ಹುಳು ಉಳಿಯುತ್ತದೆ.

ಹಳೆಯ ವೈರಿ

ಮೊದಲನೆಯದು ರೈತರಿಗೆ ಚಿರಪರಿಚಿತವಾದ ಕಾಯಿಕೊರಕ, ಅರ್ಥಾತ್ ಹೆಲಿಕೋವರ್ಪಾ. ತೊಗರಿ, ಕಡಲೆ, ಹತ್ತಿ, ಅವರೆಗಳನ್ನೂ ಇದು ಬಿಡುವುದಿಲ್ಲ. ಬಲಿತ ಹುಳು ಸುಮಾರು 35ರಿಂದ 40 ಮಿ.ಮೀ. ಉದ್ದವಿರುತ್ತದೆ. ತಲೆಯನ್ನು ಕಾಯಿಯೊಳಗೆ ತೂರಿಸಿ, ಹಿಂಭಾಗವನ್ನು ಹೊರಗೇ ಬಿಟ್ಟು ತಿನ್ನುವುದು ಇದರ ಲಕ್ಷಣ. ಆದ್ದರಿಂದ ತೂತು ದೊಡ್ಡದು, ದುಂಡನೆಯದು.

ಹೊಸ ವೈರಿ

ಎರಡನೆಯದು ಟ್ಯೂಟಾ ಅಬ್ಸೊಲ್ಯೂಟಾ ಎಂಬ ಎಲೆ ಸುರಂಗ ಕೀಟ. ದಕ್ಷಿಣ ಅಮೆರಿಕ ಮೂಲದ ಇದು 2006ರಲ್ಲಿ ಸ್ಪೇನ್‌ನಲ್ಲಿ ಕಾಣಿಸಿಕೊಂಡು, 2014ರಲ್ಲಿ ಭಾರತದಲ್ಲಿ ಪತ್ತೆಯಾಯಿತು. ಹುಳು ಒಂದು ಸೆಂಟಿಮೀಟರ್‌ಗಿಂತಲೂ ಚಿಕ್ಕದು. ಎಲೆಯ ಎರಡು ಪದರಗಳ ನಡುವೆ ಸೇರಿ ಹಸಿರನ್ನು ತಿನ್ನುವುದರಿಂದ ಎಲೆಯ ಮೇಲೆ ಅಗಲವಾದ ಒಣ ಮಚ್ಚೆಗಳು ಮೂಡುತ್ತವೆ. ರಂಗೋಲಿ ಹುಳುವಿನ ಅಂಕುಡೊಂಕು ಗೆರೆ ಇದಲ್ಲ. ಕಾಯಿಯಲ್ಲಿ, ಹೆಚ್ಚಾಗಿ ತೊಟ್ಟಿನ ಬಳಿ, ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ.

ಹತೋಟಿ ಬೇರೆ ಬೇರೆ

ಕಾಯಿಕೊರಕಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟ ಉಪಾಯ ಚೆಂಡುಹೂವು. 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂವು ನೆಟ್ಟರೆ ಪತಂಗಗಳು ಹೂವಿನತ್ತ ಸೆಳೆಯಲ್ಪಟ್ಟು ಅಲ್ಲಿಯೇ ಮೊಟ್ಟೆಯಿಡುತ್ತವೆ. ಎರಡೂ ಒಂದೇ ವೇಳೆಗೆ ಹೂ ಬಿಡಲೆಂದು 45 ದಿನಗಳ ಚೆಂಡುಹೂ ಸಸಿಯನ್ನು 25 ದಿನಗಳ ಟೊಮ್ಯಾಟೊ ಸಸಿಯೊಂದಿಗೆ ನಾಟಿ ಮಾಡಬೇಕು. ಈ ಹುಳುವಿಗೆ ಮಾತ್ರ ರೋಗ ತರುವ ಎನ್‌ಪಿವಿ ವೈರಾಣು ದ್ರಾವಣವನ್ನು ಬಿಸಿಲು ಇಳಿದ ಮೇಲೆ ಸಿಂಪಡಿಸುವುದೂ ಫಲಕಾರಿ.

ಇದೇ ದ್ರಾವಣ ಟ್ಯೂಟಾವನ್ನು ಕೊಲ್ಲದು. ಎಲೆಯೊಳಗೆ ಅಡಗಿದ ಹುಳುವಿಗೆ ಮೇಲ್ಮೈಯಲ್ಲಷ್ಟೇ ನಿಲ್ಲುವ ಕೀಟನಾಶಕವೂ ಸರಿಯಾಗಿ ತಗಲುವುದಿಲ್ಲ. ಮಚ್ಚೆಯಾದ ಎಲೆ, ತೂತಾದ ಕಾಯಿಗಳನ್ನು ಕಿತ್ತು ನಾಶಪಡಿಸುವುದು, ಕೊಯ್ಲು ಮುಗಿದೊಡನೆ ಗಿಡಗಳನ್ನು ತೆಗೆಯುವುದು, ಅದೇ ಭೂಮಿಯಲ್ಲಿ ಮತ್ತೆ ಟೊಮ್ಯಾಟೊ, ಆಲೂಗಡ್ಡೆ ಅಥವಾ ಬದನೆ ಬೆಳೆಯದಿರುವುದು ಇಲ್ಲಿ ಮುಖ್ಯ.

ಮೋಹಕ ಬಲೆ ಕೊಳ್ಳುವಾಗಲೂ ಎಚ್ಚರ ಅಗತ್ಯ. ಗಂಡು ಪತಂಗಗಳನ್ನು ಸೆಳೆಯುವ ಲಿಂಗಾಕರ್ಷಕ ಒಂದೊಂದು ಕೀಟಕ್ಕೆ ಒಂದೊಂದು. ಒಂದರ ಬಲೆಗೆ ಇನ್ನೊಂದು ಬೀಳುವುದಿಲ್ಲ. ಅಂಗಡಿಗೆ ಹೋಗುವ ಮುನ್ನ ತೂತಾದ ಕಾಯಿಯ ಜೊತೆಗೆ ಅದೇ ಗಿಡದ ಎಲೆಯನ್ನೂ ಪರೀಕ್ಷಿಸುವುದು ಒಳಿತು.