ಹಾಡು ಉಳಿದಿದೆ, ಇಸವಿ ಉಳಿದಿಲ್ಲ

ಪುಣೆಯ ಮಂಗಳವಾರ ಪೇಠೆಯ ಜುನಾ ಬಜಾರಿನಲ್ಲಿ ತುಕ್ಕು ಹಿಡಿದ ಬೀಗ, ಹಿತ್ತಾಳೆ ತಂಬಿಗೆಗಳ ನಡುವೆ ಹಳೆಯ ಗ್ರಾಮಫೋನ್ ಪ್ಲೇಟುಗಳೂ ಮಾರಾಟಕ್ಕೆ ಬರುತ್ತವೆ. ಧೂಳು ಒರೆಸಿದರೆ ಲೇಬಲ್ಲಿನ ಮೇಲೆ ಹಾಡಿದವರ ಹೆಸರು, ರಾಗ, ಕಂಪನಿಯ ಗುರುತು, ಒಂದು ನಂಬರು ಕಾಣುತ್ತವೆ. ಯಾವ ವರ್ಷ ಬಂದದ್ದು ಎಂದು ಹುಡುಕಿದರೆ ಉತ್ತರವಿಲ್ಲ. 78 ಆರ್‌ಪಿಎಂ ಕಾಲದಲ್ಲಿ ಇಸವಿ ಅಚ್ಚು ಹಾಕುವ ರೂಢಿಯೇ ನಮ್ಮಲ್ಲಿರಲಿಲ್ಲ.

ದೊಡ್ಡವರ ವಿಷಯದಲ್ಲೂ ಇದೇ ಪಾಡು. ಗದುಗಿನ ಹುಡುಗ, ಮುಂದೆ ಪುಣೆಯವರೇ ಆದ ಭೀಮಸೇನ ಜೋಶಿಯವರ ಮೊದಲ ಪ್ಲೇಟು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳದು, ಹೊರತಂದದ್ದು ಎಚ್‌ಎಂವಿ. ಒಂದು ಕಡೆ ಅದು 1942ರದು ಎಂದಿದ್ದರೆ ಇನ್ನೊಂದು ಕಡೆ ಆಗ ಅವರಿಗೆ 22 ವರ್ಷ, ಅಂದರೆ 1944, ಎಂದಿದೆ. ಭಾರತರತ್ನರ ಪ್ಲೇಟಿನ ಕಥೆಯೇ ಹೀಗಿರುವಾಗ, ರಂಗಗೀತೆಗಳ ಒಂದೆರಡು ಪ್ಲೇಟು ಕೊಟ್ಟು ಮರೆಯಾದ ಗಾಯಕಿಯರನ್ನು ಎಲ್ಲಿ ಹುಡುಕುವುದು?

ಹೆಸರುಗಳ ತೊಡಕೂ ಸಣ್ಣದಲ್ಲ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಮುದ್ರಿಕೆಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಸವಾಯಿ ಗಂಧರ್ವರನ್ನು ಹುಡುಕುವವರು ರಾಮಭಾವು ಕುಂದಗೋಳಕರ ಎಂಬ ಹೆಸರನ್ನೂ ನೋಡಬೇಕು. ಸಿನಿಮಾ ಹಾಡಾದರೆ ಚಿತ್ರ ತೆರೆಕಂಡ ದಿನದ ಆಧಾರವಾದರೂ ಇರುತ್ತದೆ. ಪುಣೆಯಲ್ಲೇ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಹಾಡಿನ ಪುಸ್ತಕಗಳೂ ಇವೆ. ಭಾವಗೀತೆ, ಖಯಾಲು, ವಚನಗಳಿಗೆ ಅಂಥ ಆಸರೆಯಿಲ್ಲ.

ಆದರೂ ಪ್ಲೇಟು ಪೂರ್ತಿ ಮೂಕವಲ್ಲ. ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲವು ಅಕ್ಷರ, ಅಂಕಿಗಳು ಕಾಣುತ್ತವೆ. ಅದು ಮ್ಯಾಟ್ರಿಕ್ಸ್ ನಂಬರು, ಧ್ವನಿಮುದ್ರಣದ ಸರದಿಯದು. ಲೇಬಲ್ಲಿನ ಮೇಲಿನದು ಮಾರಾಟದ ನಂಬರು. ಒಂದೇ ಪ್ಲೇಟಿನ ಎರಡು ಮಗ್ಗುಲುಗಳು ಬೇರೆ ಬೇರೆ ಕಾಲದಲ್ಲಿ ಮುದ್ರಣವಾಗಿರಬಹುದು. ಬೇಡಿಕೆಯಿದ್ದ ಪ್ಲೇಟನ್ನು ಕಂಪನಿ ವರ್ಷಗಟ್ಟಲೆ ಮತ್ತೆ ಮತ್ತೆ ಒತ್ತುತ್ತಿದ್ದುದರಿಂದ ಲೇಬಲ್ಲಿನ ಬಣ್ಣ, ವಿನ್ಯಾಸವನ್ನಷ್ಟೇ ನಂಬಿ ಇಸವಿ ಹೇಳುವಂತಿಲ್ಲ. ಅಕ್ಕಪಕ್ಕದ ನಂಬರುಗಳ ಕಾಲ ಗೊತ್ತಿದ್ದರೆ ಮಾತ್ರ ನಡುವಿನದರ ಕಾಲ ಅಂದಾಜಿಗೆ ಸಿಗುತ್ತದೆ. ಅದನ್ನು ಖಚಿತಪಡಿಸಬಲ್ಲದ್ದು ಕಂಪನಿಗಳು ಅಂಗಡಿಗಳಿಗೆ ಹಂಚುತ್ತಿದ್ದ ಹೊಸ ಪ್ಲೇಟುಗಳ ಪಟ್ಟಿ. ಆ ತೆಳು ಕಾಗದ ರದ್ದಿಗೆ ಹೋದದ್ದೇ ಹೆಚ್ಚು.

ಆಸ್ಟ್ರೇಲಿಯಾದ ಮೈಕೆಲ್ ಕಿನಿಯರ್ 1899ರಿಂದ 1908ರವರೆಗಿನ ಭಾರತೀಯ ಮುದ್ರಣಗಳನ್ನು ಪಟ್ಟಿ ಮಾಡಿ ಪುಸ್ತಕ ತಂದರು. ಮುಂಬಯಿಯ ಸುರೇಶ ಚಾಂದವಣಕರ ಮತ್ತು ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಬಳಗ ಹೊಸಬರ ಹಾಡುಗಳಿಗೂ ಜಾಗ ಕೊಟ್ಟಿದ್ದ ‘ಯಂಗ್ ಇಂಡಿಯಾ’ ಕಂಪನಿಯ ಪ್ಲೇಟುಗಳನ್ನು ಹುಡುಕಿ ಡಿಜಿಟಲ್ ಮಾಡಿತು. ಕಂಪನಿಗಳು ಮಾಡಬೇಕಾಗಿದ್ದ ಕೆಲಸವನ್ನು ಸಂಗ್ರಾಹಕರು ಮಾಡಿದ್ದಾರೆ.

ಇಸವಿಗೆ ಕಾನೂನಿನ ತೂಕವೂ ಇದೆ. ನಮ್ಮಲ್ಲಿ ಧ್ವನಿಮುದ್ರಿಕೆಯ ಹಕ್ಕುಸ್ವಾಮ್ಯ ಪ್ರಕಟವಾದ ಮರುವರ್ಷದಿಂದ 60 ವರ್ಷ. ಪ್ರಕಟವಾದ ವರ್ಷವೇ ಗೊತ್ತಿಲ್ಲದಿದ್ದರೆ ಹಾಡನ್ನು ಜನರಿಗೆ ಕೇಳಿಸಲು ಗ್ರಂಥಾಲಯಗಳು ಹಿಂಜರಿಯುತ್ತವೆ.

ಪುಣೆ, ಸೊಲ್ಲಾಪುರ, ಧಾರವಾಡ, ಹುಬ್ಬಳ್ಳಿಯ ಅಟ್ಟಗಳಲ್ಲಿ ಇಂಥ ಪ್ಲೇಟುಗಳು ಇನ್ನೂ ಇರಬಹುದು. ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಎರಡೂ ಮಗ್ಗುಲಿನ ಲೇಬಲ್ಲು ಮತ್ತು ಆ ನುಣುಪು ಜಾಗದ ಅಂಕಿಗಳ ಫೋಟೊ ತೆಗೆದಿಡಿ. ಜತೆಗಿರುವ ಲಕೋಟೆ, ಅಂಗಡಿಯ ಬಿಲ್ಲು, ಹಳೆಯ ಪಟ್ಟಿಯನ್ನು ದಯವಿಟ್ಟು ಎಸೆಯಬೇಡಿ.