ತನ್ನ ಕಣ್ಣಿನ ಕಾಡಿಗೆ

ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ಒಂದು ಕಾಲಕ್ಕೆ ಮಾನ್ಯಖೇಟವೆನಿಸಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತೆಂಬುದು ಎಲ್ಲರೂ ಬಲ್ಲ ಸಂಗತಿ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನಿಂದ ರಚಿತವಾದ ‘ಕವಿರಾಜಮಾರ್ಗ’ವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂದು ಅದು ಹೇಳುತ್ತದೆ. ರಾಜಕೀಯದ ಮಾತು ಕೆಟ್ಟಿತೆಂದು ಮರುಗುವವರು ವೇದಿಕೆಗಳ ಮೇಲೆ ಈ ವಿಚಾರವನ್ನು ತಪ್ಪದೆ ನೆನೆಯುತ್ತಾರೆ. ಅದೇ ಗ್ರಂಥದ ಇನ್ನೊಂದು ಮಾತನ್ನು ನೆನೆಯುವವರು ಕಡಿಮೆ. ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣದಂತೆ ತನ್ನ ದೋಷವು ತನಗೆ ಕಾಣದು ಎಂಬುದು ಅದರ ತಾತ್ಪರ್ಯ. ಕವಿಗಳಿಗಾಗಿ ಹೇಳಿದ ಈ ಎಚ್ಚರಿಕೆಯು, ಸಭ್ಯ ರಾಜಕಾರಣವನ್ನು ಬೋಧಿಸುವ ನಮಗೆಲ್ಲರಿಗೂ ಸಲ್ಲುತ್ತದೆ ಎಂದೇ ನನ್ನ ಭಾವನೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಇದೇ ಮಳಖೇಡಕ್ಕೆ ಬಂದು, ಹೊಸದಾಗಿ ಕಂದಾಯ ಗ್ರಾಮಗಳೆನಿಸಿದ ತಾಂಡಾಗಳ ಸುಮಾರು 50,000 ಫಲಾನುಭವಿಗಳಿಗೆ ಹಕ್ಕುಪತ್ರ ವಿತರಿಸುವ ಕಾರ್ಯಕ್ಕೆ ಚಾಲನೆ ಕೊಟ್ಟರು. ನಿಮ್ಮ ಮಗನೊಬ್ಬ ದೆಹಲಿಯಲ್ಲಿ ಕುಳಿತಿದ್ದಾನೆ, ಚಿಂತೆ ಬೇಡ ಎಂಬರ್ಥದ ಭರವಸೆಯನ್ನು ಬಂಜಾರರಿಗೆ ನೀಡಿದರು. ಕೆಲವೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ ಬಂದಿತು. ಏಪ್ರಿಲ್ 27ರಂದು ಗದಗ ಜಿಲ್ಲೆಯ ಸಭೆಯೊಂದರಲ್ಲಿ ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರು ಮೋದಿಯವರನ್ನು ವಿಷಸರ್ಪಕ್ಕೆ ಹೋಲಿಸಿದರು. ತಾವು ಹೇಳಿದ್ದು ವ್ಯಕ್ತಿಯನ್ನಲ್ಲ, ಪಕ್ಷದ ಸಿದ್ಧಾಂತವನ್ನು ಎಂದು ಆಮೇಲೆ ಸ್ಪಷ್ಟನೆ ಕೊಟ್ಟರು. ಅದಕ್ಕೆ ಪ್ರತಿಯಾಗಿ, ಆಗ ಭಾರತೀಯ ಜನತಾ ಪಕ್ಷದಲ್ಲಿದ್ದ ಬಸನಗೌಡ ಪಾಟೀಲ ಯತ್ನಾಳರು ಸೋನಿಯಾ ಗಾಂಧಿಯವರನ್ನು ‘ವಿಷಕನ್ಯೆ’ ಎಂದರು. ಚಿತ್ತಾಪುರದ ಪ್ರಿಯಾಂಕ್ ಖರ್ಗೆಯವರು ಮಳಖೇಡದ ಭರವಸೆಯನ್ನೇ ಹಿಡಿದು, ಮಗ ‘ನಾಲಾಯಕ್’ ಆದರೆ ಮನೆ ನಡೆಯುವುದು ಹೇಗೆಂದು ಕೇಳಿದರು. ಎರಡು ಪಕ್ಷಗಳೂ ಚುನಾವಣಾ ಆಯೋಗದ ಮೊರೆಹೊಕ್ಕವು. ಮೇ 3ರಂದು ಆಯೋಗವು ಯತ್ನಾಳ ಮತ್ತು ಪ್ರಿಯಾಂಕ್ ಖರ್ಗೆ ಇಬ್ಬರಿಗೂ ಕಾರಣ ಕೇಳಿ ನೋಟೀಸು ನೀಡಿತು.

ಬೈಗುಳಗಳ ಲೆಕ್ಕವಿಡುವುದು ನನ್ನ ಉದ್ದೇಶವಲ್ಲ. ಆ ಬೈಗುಳಗಳಿಗಾಗಿ ಸುರಿದ ಕಣ್ಣೀರು ವಿಚಾರಾರ್ಹವಾದುದು. ಸರ್ಪವೆಂದರೆ ನೊಂದವರಿಗೆ ವಿಷಕನ್ಯೆ ಕೇಳಿಸಲಿಲ್ಲ. ವಿಷಕನ್ಯೆಯೆಂದರೆ ಕೆರಳಿದವರಿಗೆ ಸರ್ಪವು ಬರಿಯ ಉಪಮೆಯಾಗಿ ತೋರಿತು. ಕೊಳ್ಳುವಾಗ ಒಂದು ಸೇರು, ಕೊಡುವಾಗ ಒಂದು ಸೇರು ಇಟ್ಟುಕೊಂಡ ವ್ಯಾಪಾರಿಯನ್ನು ತೊಗರಿ ಬೆಳೆಯುವ ನಮ್ಮ ರೈತರು ಮೋಸಗಾರನೆನ್ನುತ್ತಾರೆ. ಮಾತಿನ ಸಂತೆಯಲ್ಲಿ ಮಾತ್ರ ಅಂಥವನಿಗೆ ಸಜ್ಜನನೆಂಬ ಬಿರುದು! ಆಯೋಗದ ಮಾದರಿ ನೀತಿಸಂಹಿತೆಯ ಅಳತೆ ಸರಳವಾಗಿದೆ: ಎದುರು ಪಕ್ಷದ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಗಳನ್ನು ಟೀಕಿಸಬಹುದು, ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಎಳೆತರಬಾರದು. ಹಕ್ಕುಪತ್ರದಿಂದ ತಾಂಡಾದ ಬದುಕು ಎಷ್ಟು ಹಸನಾಯಿತೆಂದು ಎಷ್ಟು ಕಟುವಾಗಿ ಕೇಳಿದರೂ ಅದು ಅಸಭ್ಯವಲ್ಲ. ಆ ಪ್ರಶ್ನೆಯು ಒಂದು ಪದದ ಜಗಳದಡಿಯಲ್ಲಿ ಸಿಕ್ಕಿಕೊಂಡದ್ದರಿಂದ ನಷ್ಟವಾದದ್ದು ಯಾವ ಪಕ್ಷಕ್ಕೂ ಅಲ್ಲ, ತಾಂಡಾದವರಿಗೆ.

ಪಕ್ಷಭೇದಕ್ಕಿಂತ ಆಳವಾದ ಭೇದವೊಂದುಂಟು. ಹೊಲದ ಒಡೆಯನು ತನ್ನ ತಂದೆಯ ವಯಸ್ಸಿನ ಆಳನ್ನು ‘ಬಾರಲೇ’ ಎಂದು ಕರೆದರೆ ಅದು ರೂಢಿ. ಆ ಆಳಿನ ಮಗನು ಒಡೆಯನನ್ನು ಏಕವಚನದಲ್ಲಿ ಪ್ರಶ್ನಿಸಿದರೆ ಅದು ಉದ್ಧಟತನ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದು ಮೈಸೂರಿನಲ್ಲಿ ಹೇಳಿದರು. ಕನ್ನಡವನ್ನು ಓದಿ, ಕನ್ನಡವನ್ನೇ ಕಲಿಸಿದ ನಾನು ಆ ತೀರ್ಪನ್ನು ಒಪ್ಪಲಾರೆ. ಆದರೆ ಅದು ಗ್ರಂಥಗಳನ್ನು ಕುರಿತ ಮಾತು. ಯಾರ ಹುಟ್ಟನ್ನೂ ಹಳಿದುದಲ್ಲ. ಭಾಷೆಯ ಗೌರವದ ಹೆಸರಿನಲ್ಲಿ ಎದ್ದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಒಂದು ಪದದ ಅಸಭ್ಯತೆಯ ವಿರುದ್ಧ ಎದ್ದಷ್ಟು ದೊಡ್ಡ ದನಿ ಆ ಏಟುಗಳ ಅಸಭ್ಯತೆಯ ವಿರುದ್ಧ ಏಳಲಿಲ್ಲ. ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದವೇ ಕಾವ್ಯದೋಷಗಳ ವಿವೇಚನೆಗೆ ಮೀಸಲಾಗಿದೆ ಎಂಬುದನ್ನು ಅಂದು ಬೀದಿಗಿಳಿದ ಭಾಷಾಭಿಮಾನಿಗಳು ಮರೆತಿದ್ದರು. ಸೈರಣೆಯನ್ನು ಹೊಗಳಿದ ಗ್ರಂಥವು ದೋಷವನ್ನು ಎತ್ತಿ ತೋರಿಸಲು ಅಂಜಲಿಲ್ಲ.

ಹಾಗಾದರೆ ಸಭ್ಯತೆ ಬೇಡವೆ? ಬೇಕೇ ಬೇಕು. ಅದಿಲ್ಲದೆ ಊರಿನ ಪಂಚಾಯಿತಿಯೂ ನಡೆಯದು, ದೇಶದ ಸಂಸತ್ತೂ ನಡೆಯದು. ಆದರೆ ಸಭ್ಯತೆಯೆಂದರೆ ಮೆಲುದನಿಯಲ್ಲ. ಮೆಲುದನಿಯಲ್ಲಿಯೇ ಒಬ್ಬನ ಕೂಲಿಯನ್ನು ಕಸಿಯಬಹುದು. ಏರುದನಿಯಲ್ಲಿ ನ್ಯಾಯವನ್ನು ಕೇಳಬಹುದು. ಮಾತು ಕೃತಿಯನ್ನು ಕುರಿತದ್ದೋ ವ್ಯಕ್ತಿಯ ಹುಟ್ಟು, ಹೆಣ್ತನ, ಮೈಬಣ್ಣಗಳನ್ನು ಕುರಿತದ್ದೋ ಎಂದು ಮೊದಲು ನೋಡಬೇಕು. ಅದನ್ನಾಡಿದವನಿಗೆ ಬೇರೆ ದಾರಿ ಇದ್ದಿತೇ ಎಂದು ಆಮೇಲೆ ಕೇಳಬೇಕು. ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ನಮ್ಮದೇ ಸಭೆಯಲ್ಲಿ ನಡೆಯುತ್ತದೆ. ನಮ್ಮವನೊಬ್ಬ ಎದುರಾಳಿಯನ್ನು ಹೀನವಾಗಿ ಜರೆದು ಚಪ್ಪಾಳೆಗಾಗಿ ಕಾಯುತ್ತಿರುವಾಗ, ಕೈಯನ್ನು ತಡೆದು ಕುಳಿತುಕೊಳ್ಳಬಲ್ಲವನಿಗೆ ಮಾತ್ರ ನಾಳೆ ಎದುರು ಪಕ್ಷದ ನಾಲಗೆಯನ್ನು ತಿದ್ದುವ ಅಧಿಕಾರವುಂಟು.